ಏರ್ ಫ್ರೈಯರ್‌ಗೆ ಮೂಲಂಗಿ ಹಾಕುವ ಮುನ್ನ

ಏರ್ ಫ್ರೈಯರ್ ಮನೆಗೆ ಬಂದ ಹೊಸದರಲ್ಲಿ ಎಲ್ಲರೂ ಆಲೂಗಡ್ಡೆ ಮಾಡುತ್ತಾರೆ. ಆಮೇಲೆ ಹಪ್ಪಳ, ಕಡಲೆಬೀಜ, ಬೆಂಡೆಕಾಯಿ. ಅವೆಲ್ಲ ಮುಗಿದ ಮೇಲೆ ತರಕಾರಿ ಬುಟ್ಟಿಯಲ್ಲಿ ಉಳಿದದ್ದರ ಮೇಲೆ ಕಣ್ಣು ಬೀಳುತ್ತದೆ. ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಈಚೆಗೆ ಒಂದು ಪ್ರಶ್ನೆ ಮತ್ತೆ ಮತ್ತೆ ಕಾಣುತ್ತಿದೆ: ಮೂಲಂಗಿಯನ್ನು ಏರ್ ಫ್ರೈಯರ್‌ನಲ್ಲಿ ಮಾಡಬಹುದೇ? ಮಾಡಿದರೆ ಫ್ರೆಂಚ್ ಫ್ರೈಸ್ ಥರ ಗರಿಗರಿ ಆಗುತ್ತದೆಯೇ? ಕೇಳುವವರಲ್ಲಿ ಸಕ್ಕರೆ ಕಾಯಿಲೆಯವರಿದ್ದಾರೆ. ಮಕ್ಕಳಿಗೆ ಹೇಗಾದರೂ ಮೂಲಂಗಿ ತಿನ್ನಿಸಬೇಕೆಂದು ಹೆಣಗುವ ತಾಯಂದಿರಿದ್ದಾರೆ. ಅಮೆರಿಕದ ಅಂಗಡಿಗಳಲ್ಲಿ ಕಂತೆ ಕಟ್ಟಿ ಮಾರುವ ಪುಟ್ಟ ಕೆಂಪು ಮೂಲಂಗಿಯನ್ನು ಹುಳಿಗೆ ಹಾಕಿ ನಿರಾಸೆಗೊಂಡ ಕನ್ನಡಿಗರೂ ಇದ್ದಾರೆ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಮಾಡಬಹುದು, ಬಹಳ ಚೆನ್ನಾಗಿ ಆಗುತ್ತದೆ. ಆದರೆ ಗರಿಗರಿ ಆಗುವುದಿಲ್ಲ. ಹೊರಗೆ ಅಲ್ಲಲ್ಲಿ ಕಂದುಗಟ್ಟಿ, ಒಳಗೆ ಮೆತ್ತಗೆ ಬೆಂದು, ಘಾಟು ಹೋಗಿ, ಸಣ್ಣದೊಂದು ಸಿಹಿ ಉಳಿದ ತುಂಡುಗಳು ಸಿಗುತ್ತವೆ. ಬೇಳೆ ಸಾರು ಅನ್ನಕ್ಕೆ, ಮೊಸರನ್ನಕ್ಕೆ ನೆಂಚಿಕೊಳ್ಳಲು ಅದಕ್ಕಿಂತ ಒಳ್ಳೆಯ ಜೊತೆ ಕಡಿಮೆ. ಆಲೂಗಡ್ಡೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬುಟ್ಟಿ ಎಳೆದವರಿಗೆ ಮಾತ್ರ ಅದು ಸೋತಂತೆ ಕಾಣುತ್ತದೆ.

ಮೂಲಂಗಿಯನ್ನು ಆಲೂಗಡ್ಡೆಯ ಬದಲಿಗೆ ಹುರಿಯುವ ರೂಢಿ ಹೆಚ್ಚು ಹರಡಿದ್ದು ಅಮೆರಿಕದಲ್ಲಿ ಕೀಟೋ ಮುಂತಾದ ಪಿಷ್ಟ ಬಿಟ್ಟ ಪಥ್ಯ ಮಾಡುವವರಿಂದ. ಅವರ ಲೆಕ್ಕ ಅರ್ಥವಾಗುವಂಥದ್ದೇ. 100 ಗ್ರಾಂ ಹಸಿ ಆಲೂಗಡ್ಡೆಯಲ್ಲಿ ಸುಮಾರು 17 ಗ್ರಾಂ ಕಾರ್ಬೋಹೈಡ್ರೇಟ್ ಇದ್ದರೆ, ಅಷ್ಟೇ ತೂಕದ ಮೂಲಂಗಿಯಲ್ಲಿ ಇರುವುದು ಮೂರೂವರೆಯಿಂದ ನಾಲ್ಕು ಗ್ರಾಂ. ಕ್ಯಾಲೊರಿಯಲ್ಲಿ 77ಕ್ಕೆ ಎದುರು 16ರಿಂದ 18. ಆಲೂಗಡ್ಡೆ ಬಿಡಬೇಕಾಗಿ ಬಂದವರಿಗೆ ಬಿಳಿಯಾಗಿ, ಗಟ್ಟಿಯಾಗಿ, ಕತ್ತರಿಸಲು ಸುಲಭವಾಗಿರುವ ಇನ್ನೊಂದು ತರಕಾರಿ ಕಂಡಿತು. ಅದನ್ನೇ ಬೆರಳಿನಂತೆ ಹೆಚ್ಚಿ ಯಂತ್ರಕ್ಕೆ ಹಾಕಿದರು. ಅಲ್ಲಿಂದ ಅದು ವಿಡಿಯೊಗಳ ಮೂಲಕ ನಮ್ಮ ಅಡುಗೆಮನೆಗೂ ಬಂತು. ಬರುವಾಗ ‘ಆಲೂಗಡ್ಡೆಯಷ್ಟೇ ರುಚಿ’ ಎಂಬ ಭರವಸೆಯೂ ಜೊತೆಗೆ ಬಂತು. ಆ ಭರವಸೆ ಸರಿಯಲ್ಲ, ಯಾಕೆಂದರೆ ಆಲೂಗಡ್ಡೆಯ ಹೊರಪದರವನ್ನು ಗರಿಯಾಗಿಸುವುದು ಅದರ ಪಿಷ್ಟ. ಕಾವಿಗೆ ಪಿಷ್ಟ ಉಬ್ಬಿ, ಅಂಟಾಗಿ, ಮೇಲ್ಮೈಯಲ್ಲಿ ಒಣಗಿ ಗಟ್ಟಿ ಸಿಪ್ಪೆಯಾಗುತ್ತದೆ. ಮೂಲಂಗಿಯಲ್ಲಿ ಪಿಷ್ಟ ಇಲ್ಲವೆಂದೇ ಹೇಳಬೇಕು. ಇರುವುದು ಒಂದಿಷ್ಟು ಸಕ್ಕರೆ, ಒಂದಿಷ್ಟು ನಾರು, ಉಳಿದದ್ದೆಲ್ಲ ನೀರು.

ಆ ನೀರಿನ ಪ್ರಮಾಣ ಎಷ್ಟು ಗೊತ್ತೇ? ಸುಮಾರು ಶೇಕಡ 95. ಅರ್ಧ ಕೆಜಿ ಮೂಲಂಗಿ ತಂದರೆ ಅದರಲ್ಲಿ 470 ಗ್ರಾಂಗೂ ಹೆಚ್ಚು ನೀರೇ. ಮೂಲಂಗಿಯ ಅಡುಗೆ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಅಡುಗೆಯವರು ಈ ನೀರಿನೊಂದಿಗೆ ಏನಾದರೊಂದು ಒಪ್ಪಂದ ಮಾಡಿಕೊಂಡಿದ್ದಾರೆ ಎಂಬುದು ನನಗೆ ಯಾವಾಗಲೂ ಸೋಜಿಗ ತಂದಿರುವ ಸಂಗತಿ. ಪಂಜಾಬಿನಲ್ಲಿ ಮೂಲಿ ಪರಾಠಾಕ್ಕೆ ತುರಿದ ಮೂಲಂಗಿಗೆ ಉಪ್ಪು ಹಾಕಿಟ್ಟು, ಬಿಟ್ಟ ನೀರನ್ನು ಬಿಗಿಯಾಗಿ ಹಿಂಡುತ್ತಾರೆ. ಹಿಂಡದಿದ್ದರೆ ಲಟ್ಟಿಸುವಾಗ ಹಿಟ್ಟು ಹರಿಯುತ್ತದೆ. ಕೊರಿಯಾದವರು ಕಾಕ್ಡುಗಿ ಎಂಬ ಮೂಲಂಗಿ ಕಿಮ್ಚಿಗೆ ಚೌಕ ತುಂಡುಗಳನ್ನು ಮೊದಲು ಉಪ್ಪಿನಲ್ಲಿ ನೆನೆಸುತ್ತಾರೆ. ಜಪಾನಿನಲ್ಲಿ ತಕುವಾನ್ ಉಪ್ಪಿನಕಾಯಿಗೆ ಇಡೀ ಮೂಲಂಗಿಗಳನ್ನು ಚಳಿಗಾಳಿಗೆ ತೂಗುಹಾಕಿ ಬಾಗುವಷ್ಟು ಮೆತ್ತಗಾಗುವ ತನಕ ಒಣಗಿಸುತ್ತಾರೆ. ಎಳೆ ಎಳೆಯಾಗಿ ಹೆಚ್ಚಿ ಬಿಸಿಲಿಗೆ ಒಣಗಿಸಿಡುವ ಕಿರಿಬೋಶಿಯೂ ಅಲ್ಲಿನ ಮನೆಮನೆಯ ಪದಾರ್ಥ. ನಾವು ಹುಳಿಯಲ್ಲಿ ಇದಕ್ಕೆ ವಿರುದ್ಧ ದಾರಿ ಹಿಡಿದಿದ್ದೇವೆ. ಮೂಲಂಗಿಯ ನೀರು ಬೇಳೆಗೆ ಇಳಿಯಲಿ, ಬೇಳೆಯ ರಸ ಮೂಲಂಗಿಗೆ ಏರಲಿ ಎಂದು ಬಿಟ್ಟುಬಿಟ್ಟಿದ್ದೇವೆ. ಏರ್ ಫ್ರೈಯರ್ ಈ ಸಾಲಿಗೆ ಸೇರಿದ ಹೊಸ ಸಾಧನ. ಅದು ಹಿಂಡುವ, ಒಣಗಿಸುವ ಕೆಲಸವನ್ನು ಇಪ್ಪತ್ತು ನಿಮಿಷದಲ್ಲಿ, ಬೇಯಿಸುತ್ತಲೇ ಮಾಡುತ್ತದೆ. ಹೀಗೆ ನೋಡಿದರೆ ಮೂಲಂಗಿಗೆ ಅದರಷ್ಟು ಹೊಂದುವ ಯಂತ್ರ ಇನ್ನೊಂದಿಲ್ಲ.

ಯಂತ್ರದ ಹೆಸರಿನಲ್ಲಿ ಫ್ರೈ ಎಂದಿದ್ದರೂ ಅದು ಏನನ್ನೂ ಕರಿಯುವುದಿಲ್ಲ. ಮೇಲೆ ಒಂದು ಹೀಟಿಂಗ್ ಕಾಯಿಲ್, ಅದರ ಹಿಂದೆ ಫ್ಯಾನು, ಕೆಳಗೆ ತೂತುಗಳಿರುವ ಬುಟ್ಟಿ. ಬಿಸಿಗಾಳಿ ರಭಸದಿಂದ ಕೆಳಗಿಳಿದು, ಬುಟ್ಟಿಯ ತೂತುಗಳ ಮೂಲಕ ಸುತ್ತಿ ಮತ್ತೆ ಮೇಲೇರುತ್ತದೆ. ಬೇಕರಿಗಳಲ್ಲಿರುವ ಗಾಳಿಯಾಡುವ ಓವನ್ನನ್ನೇ ಕಿರಿದು ಮಾಡಿ ಮೇಜಿನ ಮೇಲೆ ಕೂರಿಸಿದ್ದಾರೆ. ಇಂದು ಮನೆಗಳಲ್ಲಿ ಕಾಣುವ ರೂಪದಲ್ಲಿ ಇದನ್ನು ಫಿಲಿಪ್ಸ್ ಕಂಪನಿ 2010ರಲ್ಲಿ ಮಾರುಕಟ್ಟೆಗೆ ತಂದಿತು. ಕಾದ ಎಣ್ಣೆಯಷ್ಟು ಬೇಗ ಗಾಳಿಯು ಶಾಖವನ್ನು ಪದಾರ್ಥಕ್ಕೆ ದಾಟಿಸಲಾರದು. ಆದ್ದರಿಂದಲೇ ಎಣ್ಣೆಯಲ್ಲಿ ಐದು ನಿಮಿಷದ ಕೆಲಸ ಇಲ್ಲಿ ಹದಿನೈದು, ಇಪ್ಪತ್ತು ನಿಮಿಷ ಹಿಡಿಯುತ್ತದೆ. ಆದರೆ ಓಡುವ ಗಾಳಿಗೆ ಬೇರೊಂದು ಗುಣವಿದೆ. ಬೇಯುವ ತುಂಡಿನಿಂದ ಎದ್ದ ಹಬೆಯನ್ನು ಅದು ಅಲ್ಲೇ ನಿಲ್ಲಗೊಡುವುದಿಲ್ಲ. ಗಾಳಿಗೆ ಹರವಿದ ಒದ್ದೆ ಬಟ್ಟೆಯಂತೆ ತುಂಡಿನ ಮೈ ಬೇಗ ಆರುತ್ತದೆ.

ಮೈ ಆರುವುದು ಯಾಕೆ ಮುಖ್ಯ ಎಂದರೆ, ನೀರು ಇರುವ ತನಕ ಆ ಜಾಗದ ಕಾವು 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ. ಯಂತ್ರದಲ್ಲಿ 200 ಎಂದು ಒತ್ತಿದ್ದರೂ ಅಷ್ಟೇ. ಕಂದು ಬಣ್ಣ, ಹುರಿದ ವಾಸನೆ, ಆ ವಿಶೇಷ ರುಚಿ ಇವೆಲ್ಲ ಬರುವುದು ಮೇಲ್ಮೈ ಕಾವು ಸುಮಾರು 140 ಡಿಗ್ರಿ ಮುಟ್ಟಿದಾಗ. ಸಕ್ಕರೆ ಮತ್ತು ಅಮೈನೋ ಆಮ್ಲಗಳು ಆಗ ಒಂದಕ್ಕೊಂದು ಕೂಡಿ ಹೊಸ ಪರಿಮಳಗಳನ್ನು ಹುಟ್ಟಿಸುತ್ತವೆ. ಅಡುಗೆ ವಿಜ್ಞಾನದಲ್ಲಿ ಇದಕ್ಕೆ ಮೈಯಾರ್ ಕ್ರಿಯೆ ಎನ್ನುತ್ತಾರೆ. ಮೂಲಂಗಿಯ ತುಂಡು ತನ್ನ ಮೇಲ್ಮೈ ನೀರನ್ನು ಕಳೆದುಕೊಳ್ಳದೆ ಈ ಹಂತಕ್ಕೆ ಬರುವುದಿಲ್ಲ. ಬುಟ್ಟಿಯನ್ನು ಕಿಕ್ಕಿರಿದು ತುಂಬಿದಾಗ ಹಬೆ ಹೊರಹೋಗಲು ದಾರಿಯಿಲ್ಲದೆ, ಅರ್ಧ ಗಂಟೆ ಓಡಿಸಿದರೂ ಬೆಳ್ಳಗೆ ಬೆಂದ ಮೂಲಂಗಿ ಮಾತ್ರ ಕೈಗೆ ಬರುತ್ತದೆ. ‘ಎಷ್ಟು ಹೊತ್ತು ಇಟ್ಟರೂ ಬಣ್ಣವೇ ಬರಲಿಲ್ಲ’ ಎಂದು ಬರೆದವರ ಬುಟ್ಟಿ ಬಹುಪಾಲು ತುಂಬಿ ತುಳುಕುತ್ತಿದ್ದಿರಬೇಕು.

ಇನ್ನು ಘಾಟಿನ ವಿಚಾರ. ಮೂಲಂಗಿ ಎಂದರೆ ಮೂಗು ಮುಚ್ಚಿಕೊಳ್ಳುವವರು ನಮ್ಮಲ್ಲಿ ಬಹಳ. ಮಡಿ ಅಡುಗೆಗೆ ಅದನ್ನು ಸೇರಿಸದ ಮನೆಗಳೂ ಇವೆ. ಇದು ಸಾಸಿವೆಯ ಕುಟುಂಬದ ಗಿಡ. ಎಲೆಕೋಸು, ಹೂಕೋಸು, ನವಿಲುಕೋಸು ಕೂಡ ಇದೇ ಬಳಗದವು. ಇವುಗಳೊಳಗೆ ಗ್ಲುಕೋಸಿನೊಲೇಟ್ ಎಂಬ ಗಂಧಕದ ಸಂಯುಕ್ತಗಳು ಒಂದು ಕಡೆ, ಮೈರೊಸಿನೇಸ್ ಎಂಬ ಕಿಣ್ವ ಇನ್ನೊಂದು ಕಡೆ, ಬೇರೆ ಬೇರೆಯಾಗಿ ಕೂತಿರುತ್ತವೆ. ಕಚ್ಚಿದಾಗ, ಹೆಚ್ಚಿದಾಗ, ತುರಿದಾಗ ಗೋಡೆ ಒಡೆದು ಎರಡೂ ಸೇರುತ್ತವೆ. ನಾಲಿಗೆ ಚುರುಗುಟ್ಟಿಸುವ ಖಾರ ಹುಟ್ಟುವುದು ಆಗಲೇ. ಕೋಸಂಬರಿಗೆ ತುರಿದ ಮೂಲಂಗಿ, ಬರೀ ಬಿಲ್ಲೆಗಿಂತ ಹೆಚ್ಚು ಖಾರವಾಗಿರುವುದು ಇದರಿಂದ. ಶಾಖ ತಾಗಿದರೆ ಈ ಕಿಣ್ವ ಕೆಲಸ ನಿಲ್ಲಿಸುತ್ತದೆ, ಆಗಲೇ ಹುಟ್ಟಿದ ಖಾರವೂ ಆವಿಯಾಗಿ ಹೋಗುತ್ತದೆ. ಖಾರ ಸರಿದ ಮೇಲೆ ಅದರ ಅಡಿಯಲ್ಲಿ ಅಡಗಿದ್ದ ಸಿಹಿ ನಾಲಿಗೆಗೆ ಗೊತ್ತಾಗುತ್ತದೆ. 100 ಗ್ರಾಂ ಮೂಲಂಗಿಯಲ್ಲಿ ಸಕ್ಕರೆ ಇರುವುದು ಎರಡು ಗ್ರಾಂ ಆಸುಪಾಸು. ಹುಳಿಯಲ್ಲಿ ಅದು ಕರಗಿ ಚದುರಿಹೋಗುತ್ತದೆ. ಏರ್ ಫ್ರೈಯರ್‌ನಲ್ಲಿ ನೀರು ಹೋಗಿ ಸಕ್ಕರೆ ತುಂಡಿನಲ್ಲೇ ಉಳಿಯುವುದರಿಂದ ಸಿಹಿ ಗಾಢವಾಗುತ್ತದೆ. ಹಸಿ ಮೂಲಂಗಿ ಮುಟ್ಟದ ಮಕ್ಕಳು ಇದನ್ನು ತಿನ್ನುವುದನ್ನು ನಾನು ನೋಡಿದ್ದೇನೆ. ಅವರಿಗೆ ಬೇಡವಾಗಿದ್ದದ್ದು ಆ ಖಾರ, ಆ ವಾಸನೆ.

ಮೂಲಂಗಿ ಆಯುವಾಗಲೇ ಅರ್ಧ ಅಡುಗೆ ತೀರ್ಮಾನವಾಗುತ್ತದೆ. ಬೆಂಡು ಹಿಡಿದ ಮೂಲಂಗಿಯನ್ನು ಯಾವ ಯಂತ್ರವೂ ಸರಿಮಾಡಲಾರದು. ಕೈಯಲ್ಲಿ ಹಿಡಿದರೆ ಗಾತ್ರಕ್ಕೆ ತಕ್ಕ ತೂಕ ಇರಬೇಕು. ಉಗುರು ಊರಿದರೆ ರಸ ಒಸರಬೇಕು, ಬಗ್ಗಿಸಿದರೆ ಬಾಗಬಾರದು. ಸೊಪ್ಪು ಹಸಿರಾಗಿ ನೆಟ್ಟಗಿದ್ದರೆ ಕಿತ್ತು ಹೆಚ್ಚು ಹೊತ್ತಾಗಿಲ್ಲ ಎಂದು ತಿಳಿಯಿರಿ. ಮನೆಗೆ ತಂದ ಕೂಡಲೇ ಸೊಪ್ಪನ್ನು ಬೇರ್ಪಡಿಸಿ, ಇಲ್ಲದಿದ್ದರೆ ಅದು ಗೆಡ್ಡೆಯ ನೀರನ್ನು ಹೀರುತ್ತಲೇ ಇರುತ್ತದೆ, ಎರಡು ದಿನದಲ್ಲಿ ಗೆಡ್ಡೆ ಸುಕ್ಕಾಗುತ್ತದೆ. ಮೊಣಕೈ ಉದ್ದದ ದಪ್ಪ ಮೂಲಂಗಿಗಿಂತ ಗೇಣುದ್ದದ ಎಳೆಯದೇ ಲೇಸು. ಬೇಸಗೆಯ ಮೂಲಂಗಿ ಹೆಚ್ಚು ಖಾರ, ಚಳಿಗಾಲದ್ದು ಸಿಹಿ. ವರ್ಷವಿಡೀ ಸಿಗುತ್ತದೆಂದು ನಾವು ಮರೆತಿದ್ದರೂ ಮೂಲಂಗಿ ಚಳಿಯ ಬೆಳೆ. ಬೇಸಗೆಗೂ ಬರುವ ಪೂಸಾ ಚೇತ್ಕಿಯಂಥ ತಳಿಗಳು ಬಂದ ಮೇಲೆ ಈ ವ್ಯತ್ಯಾಸ ಮಸುಕಾಯಿತು. ನಮ್ಮ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಅರ್ಕಾ ನಿಶಾಂತ್ ಎಂಬ ಬಿಳಿ ಉದ್ದ ಮೂಲಂಗಿಯನ್ನು ಕೊಟ್ಟಿದೆ. ಬೆಂಡಾಗದಿರುವುದು, ಕವಲೊಡೆಯದಿರುವುದು, ಬೇಗ ಹೂ ಬಿಡದಿರುವುದು ಅದರ ಗುಣ. ಅಡುಗೆಯವರ ಕಷ್ಟ ಅರಿತು ಮಾಡಿದ ತಳಿ ಅದು.

ಇನ್ನು ಮಾಡುವ ಬಗೆ. ಅರ್ಧ ಕೆಜಿ ಬಿಳಿ ಮೂಲಂಗಿ ತೊಳೆದು ಸಿಪ್ಪೆಯನ್ನು ತೆಳುವಾಗಿ ಹೆರೆಯಿರಿ. ಖಾರ ಸಿಪ್ಪೆಯ ಬಳಿ ಹೆಚ್ಚು, ಹಾಗಾಗಿ ಖಾರ ಬೇಡದವರು ಇನ್ನೊಂದು ಸುತ್ತು ಹೆರೆಯಬಹುದು. ತುಂಡುಗಳು ಎರಡು ಸೆಂಟಿಮೀಟರ್ ದಪ್ಪ ಇರಲಿ. ಸಾಂಬಾರಿಗೆ ಹೆಚ್ಚುವಂತೆ ತೆಳು ಬಿಲ್ಲೆ ಮಾಡಿದರೆ ನೀರು ಹೋದ ಮೇಲೆ ಉಳಿಯುವುದು ಅಂಚು ಸುಟ್ಟ ಚಕ್ಕಳ. ಬೇಯುವಾಗ ತೂಕ ಅರ್ಧದ ಹತ್ತಿರಕ್ಕೆ ಇಳಿಯುತ್ತದೆ, ಗಾತ್ರವೂ ಕುಗ್ಗುತ್ತದೆ ಎಂಬುದನ್ನು ಹೆಚ್ಚುವಾಗಲೇ ಲೆಕ್ಕಕ್ಕೆ ಹಿಡಿಯಬೇಕು. ಅರ್ಧ ಕೆಜಿ ಮೂಲಂಗಿ ಇಬ್ಬರು ಮೂವರ ಊಟಕ್ಕೆ ಸರಿಹೋಗುತ್ತದೆ. ಹೆಚ್ಚಿದ ತುಂಡುಗಳನ್ನು ಒಣಬಟ್ಟೆಯ ಮೇಲೆ ಹರವಿ, ಇನ್ನೊಂದು ಬಟ್ಟೆಯಿಂದ ಒತ್ತಿ ತೇವ ತೆಗೆಯಿರಿ. ಈ ಕೆಲಸಕ್ಕೆ ಎರಡು ನಿಮಿಷ ಸಾಕು, ಇದನ್ನು ಬಿಟ್ಟರೆ ಯಂತ್ರದ ಮೊದಲ ಐದು ನಿಮಿಷ ಬರೀ ಆ ತೇವ ಆರಿಸುವುದಕ್ಕೇ ಹೋಗುತ್ತದೆ.

ಆಮೇಲೆ ಒಂದು ದೊಡ್ಡ ಚಮಚ ಎಣ್ಣೆ. ಕಡಲೆಕಾಯಿ ಎಣ್ಣೆಯೇ ನನಗೆ ಇಷ್ಟ. ಪ್ರತಿ ತುಂಡಿಗೂ ಎಣ್ಣೆ ತಾಗುವಂತೆ ಕೈಯಿಂದಲೇ ಕಲಸಿ. ಎಣ್ಣೆ ಇಲ್ಲದೆಯೂ ಮಾಡಬಹುದೆಂದು ಯಂತ್ರ ಮಾರುವವರು ಹೇಳುತ್ತಾರೆ. ಆಗುತ್ತದೆ, ಆದರೆ ಮೇಲ್ಮೈ ಒಣಗಿ ತೊಗಲಿನಂತಾಗುತ್ತದೆ. ಎಣ್ಣೆಯ ತೆಳುಪದರ ಕಾವನ್ನು ಸಮನಾಗಿ ಹರಡುತ್ತದೆ, ಮಸಾಲೆಯನ್ನು ಹಿಡಿದಿಡುತ್ತದೆ. ಇಷ್ಟವಿದ್ದರೆ ಒಂದು ಸಣ್ಣ ಚಮಚ ಅಕ್ಕಿಹಿಟ್ಟು ಉದುರಿಸಿ ಕಲಸಿ. ಮೂಲಂಗಿಯಲ್ಲಿ ಇಲ್ಲದ ಪಿಷ್ಟವನ್ನು ಹೊರಗಿನಿಂದ ಕೊಟ್ಟಂತಾಗಿ ಅಂಚುಗಳು ತುಸು ಗರಿಗೂಡುತ್ತವೆ. ಆದರೆ ಬಜ್ಜಿಯಂತೆ ಹಸಿ ಹಿಟ್ಟಿನಲ್ಲಿ ಅದ್ದಿ ಹಾಕಬೇಡಿ. ಕಾದ ಎಣ್ಣೆ ಹಿಟ್ಟನ್ನು ಮುಟ್ಟಿದ ಕ್ಷಣವೇ ಗಟ್ಟಿಮಾಡುತ್ತದೆ, ಗಾಳಿಗೆ ಆ ವೇಗ ಇಲ್ಲ, ಹಿಟ್ಟೆಲ್ಲ ತೂತುಗಳಿಂದ ಕೆಳಗೆ ಸೋರುತ್ತದೆ. ಕರಾವಳಿಯ ರವೆ ಫ್ರೈ ಮೂಲಂಗಿಗೆ ಒಗ್ಗುವುದಿಲ್ಲ. ಒಳಗಿನಿಂದ ಬರುವ ನೀರು ರವೆಯನ್ನು ನೆನೆಸಿಬಿಡುತ್ತದೆ. ಅದಕ್ಕೆ ಜೀಗುಜ್ಜೆ, ಬಾಳೆಕಾಯಿ, ಸುವರ್ಣಗೆಡ್ಡೆ ಇವೆ. ನಿಜಕ್ಕೂ ಗರಿಗರಿ ಬೇಕೆನ್ನುವವರು ಅವನ್ನೇ ಯಂತ್ರಕ್ಕೆ ಹಾಕಲಿ, ಅವುಗಳಲ್ಲಿ ಪಿಷ್ಟವಿದೆ.

ಯಂತ್ರವನ್ನು 190 ಡಿಗ್ರಿಗೆ ಇಟ್ಟು ಮೂರು ನಿಮಿಷ ಖಾಲಿ ಕಾಯಿಸಿ. ತುಂಡುಗಳನ್ನು ಒಂದೇ ಪದರವಾಗಿ, ನಡುವೆ ಸಂದು ಬಿಟ್ಟು ಹರಡಿ. ಮಿಕ್ಕಿದ್ದನ್ನು ಎರಡನೆಯ ಸರದಿಗೆ ಇಡಿ. ಹತ್ತು ನಿಮಿಷದ ಮೇಲೆ ಬುಟ್ಟಿ ಎಳೆದು ಕುಲುಕಿ, ಮತ್ತೆ ಎಂಟು ಹತ್ತು ನಿಮಿಷ. ಚಾಕುವಿನ ತುದಿ ತಡೆಯಿಲ್ಲದೆ ಇಳಿಯಬೇಕು, ಅಂಚುಗಳು ಕಂದಾಗಿರಬೇಕು. ಯಂತ್ರದಿಂದ ಯಂತ್ರಕ್ಕೆ ಕಾವಿನಲ್ಲಿ ವ್ಯತ್ಯಾಸ ಇರುವುದರಿಂದ ಗಡಿಯಾರಕ್ಕಿಂತ ಬಣ್ಣವನ್ನು ನಂಬಿ. ಉಪ್ಪನ್ನು ಕೊನೆಗೆ, ಬಿಸಿ ತುಂಡುಗಳ ಮೇಲೆ ಹಾಕಿ. ಇದಕ್ಕೆ ಎರಡು ಕಾರಣ. ಮೊದಲೇ ಹಾಕಿಟ್ಟರೆ ಉಪ್ಪು ಒಳಗಿನ ನೀರನ್ನು ಮೇಲಕ್ಕೆಳೆದು, ಒರೆಸಿದ ಶ್ರಮ ವ್ಯರ್ಥವಾಗುತ್ತದೆ. ಎರಡನೆಯದು, ಹಸಿ ತೂಕಕ್ಕೆ ಸರಿ ಎನಿಸಿದ ಉಪ್ಪು ತುಂಡು ಅರ್ಧಕ್ಕೆ ಕುಗ್ಗಿದಾಗ ಹೆಚ್ಚಾಗುತ್ತದೆ.

ಸಮಯ ಇರುವ ದಿನ ಇನ್ನೊಂದು ಹೆಜ್ಜೆ ಸೇರಿಸಿ ನೋಡಿ. ಜಪಾನಿನ ಅಡುಗೆಯವರು ದಪ್ಪ ಬಿಳಿ ಮೂಲಂಗಿಯನ್ನು ಮೊದಲು ಅಕ್ಕಿ ತೊಳೆದ ನೀರಿನಲ್ಲಿ ಬೇಯಿಸಿ, ಕಹಿ ಮತ್ತು ಘಾಟು ತೆಗೆದು, ಆಮೇಲೆ ಮುಂದಿನ ಅಡುಗೆಗೆ ಬಳಸುತ್ತಾರೆ. ನಮ್ಮ ಮನೆಗಳಲ್ಲಿ ಅಕ್ಕಚ್ಚು ದಿನವೂ ಸಿಗುತ್ತದೆ, ಹಸುವಿಗೋ ಗಿಡಕ್ಕೋ ಹೋಗುತ್ತದೆ. ಅದರಲ್ಲಿ ತುಂಡುಗಳನ್ನು ಏಳೆಂಟು ನಿಮಿಷ ಕುದಿಸಿ, ಬಸಿದು, ತೊಳೆದು, ಚೆನ್ನಾಗಿ ಆರಲು ಬಿಡಿ. ನಂತರ ಎಣ್ಣೆ ಸವರಿ 200 ಡಿಗ್ರಿಯಲ್ಲಿ ಹನ್ನೆರಡು ನಿಮಿಷದಷ್ಟು ಇಟ್ಟರೆ ಒಳಭಾಗ ಬೆಣ್ಣೆಯಷ್ಟು ಮೃದುವಾಗಿ, ಹೊರಗೆ ಬಣ್ಣ ಕಟ್ಟುತ್ತದೆ. ಬಲಿತ, ತುಸು ಕಹಿ ಇರುವ ಮೂಲಂಗಿಗೆ ಇದೇ ಸರಿಯಾದ ದಾರಿ.

ಮಸಾಲೆಯಲ್ಲಿ ನಾನು ತುಸು ಹಟಮಾರಿ. ವಿಡಿಯೊಗಳಲ್ಲಿ ಎಲ್ಲರೂ ಬೆಳ್ಳುಳ್ಳಿ ಪುಡಿ, ಚೀಸು, ಒಣಗಿದ ವಿದೇಶಿ ಎಲೆಗಳನ್ನು ಉದುರಿಸುತ್ತಾರೆ. ಅಲ್ಲಿಯವರಿಗೆ ಅದು ಸಹಜ. ನಮ್ಮ ಡಬ್ಬಿಗಳಲ್ಲಿ ಅದಕ್ಕಿಂತ ಹೊಂದುವ ಪುಡಿಗಳು ತಯಾರಾಗಿ ಕೂತಿವೆ. ಉತ್ತರ ಕರ್ನಾಟಕದಲ್ಲಿ ಜೋಳದ ರೊಟ್ಟಿಯ ತಟ್ಟೆಯಲ್ಲಿ ಹಸಿ ಮೂಲಂಗಿ, ಅದರ ಎಳೆ ಸೊಪ್ಪು, ಪಕ್ಕದಲ್ಲಿ ಗುರೆಳ್ಳು ಪುಡಿ, ಶೇಂಗಾ ಪುಡಿ, ಅಗಸೆ ಪುಡಿ ಇರುತ್ತವೆ. ಆ ಜೋಡಿ ತಲೆಮಾರುಗಳಿಂದ ನಾಲಿಗೆ ಒಪ್ಪಿದ್ದು. ಯಂತ್ರದಿಂದ ತೆಗೆದ ಬಿಸಿ ಮೂಲಂಗಿಯ ಮೇಲೆ ಒಂದು ಚಮಚ ಗುರೆಳ್ಳು ಪುಡಿ ಉದುರಿಸಿ ಕಲಸಿದರೆ ಇನ್ನೇನೂ ಬೇಕಿಲ್ಲ. ಹಳೇ ಮೈಸೂರಿನ ಕಡೆಯವರು ಸಾರಿನ ಪುಡಿ, ಚಿಟಿಕೆ ಬೆಲ್ಲ, ನಿಂಬೆರಸ ಹಾಕಿ ನೋಡಿ. ಮೆಣಸಿನಪುಡಿಯನ್ನಂತೂ ಮೊದಲೇ ಹಾಕಬಾರದು. ಬ್ಯಾಡಗಿಯ ಬಣ್ಣ ಇಪ್ಪತ್ತು ನಿಮಿಷದ ಕಾವಿಗೆ ಕಪ್ಪಾಗಿ ಕಹಿಯಾಗುತ್ತದೆ, ಕೊನೆಯ ಮೂರು ನಿಮಿಷಕ್ಕೆ ಹಾಕಿದರೆ ಸಾಕು. ಜಜ್ಜಿದ ಬೆಳ್ಳುಳ್ಳಿಗೂ ಇದೇ ಮಾತು.

ಒಗ್ಗರಣೆಯನ್ನು ಯಂತ್ರ ಕೊಡಲಾರದು. ಕರಿಬೇವು ಹಾಕಿದರೆ ಗಾಳಿಗೆ ಹಾರಿ ಮೇಲಿನ ಕಾಯಿಲ್‌ಗೆ ಅಂಟಿ ಸುಡುತ್ತದೆ. ಸಾಸಿವೆ ಸಿಡಿಯಲು ಬಿಸಿ ಎಣ್ಣೆಯೇ ಬೇಕು. ಆದ್ದರಿಂದ ಮೂಲಂಗಿ ಬೇಯುವ ಕೊನೆಯ ಎರಡು ನಿಮಿಷದಲ್ಲಿ ಒಲೆಯ ಮೇಲೆ ಒಗ್ಗರಣೆ ಸೌಟು ಇಟ್ಟು, ಸಾಸಿವೆ, ಉದ್ದಿನಬೇಳೆ, ಇಂಗು, ಒಣಮೆಣಸಿನಕಾಯಿ, ಕರಿಬೇವು ಸಿಡಿಸಿ, ತೆಗೆದ ತುಂಡುಗಳ ಮೇಲೆ ಸುರಿಯಿರಿ. ಮೇಲೊಂದು ಹಿಡಿ ಹಸಿ ತೆಂಗಿನತುರಿ. ಇಷ್ಟಾದರೆ ಅದು ವಿದೇಶಿ ಸೈಡ್ ಡಿಶ್ ಆಗಿ ಉಳಿಯದೆ ಪಲ್ಯವೇ ಆಗುತ್ತದೆ. ಮಿಕ್ಕಿದ್ದನ್ನು ಆರಿದ ಮೇಲೆ ಮೊಸರಿಗೆ ಹಾಕಿದರೆ ಒಳ್ಳೆಯ ಮೊಸರು ಬಜ್ಜಿಯಾಗುತ್ತದೆ.

ವಿದೇಶದಲ್ಲಿರುವ ಓದುಗರಿಗೆ: ನಿಮ್ಮಲ್ಲಿಯ ಗುಂಡು ಕೆಂಪು ಮೂಲಂಗಿ ಏರ್ ಫ್ರೈಯರ್‌ಗೆ ಇನ್ನೂ ಸುಲಭ. ಸಿಪ್ಪೆ ತೆಗೆಯಬೇಡಿ, ಎರಡು ಹೋಳು ಮಾಡಿ, ಹೋಳಾದ ಬದಿ ಕೆಳಗೆ ಬರುವಂತೆ ಇಟ್ಟು 190 ಡಿಗ್ರಿಯಲ್ಲಿ ಹನ್ನೆರಡರಿಂದ ಹದಿನೈದು ನಿಮಿಷ ಇಡಿ. ಕೆಂಪು ಮಾಸಿ ತಿಳಿಗುಲಾಬಿಯಾಗುತ್ತದೆ, ಗಾಬರಿ ಬೇಡ, ಸಿಪ್ಪೆಯ ಬಣ್ಣ ಶಾಖಕ್ಕೆ ನಿಲ್ಲುವಂಥದ್ದಲ್ಲ. ಹುಳಿಗೆ ಮಾತ್ರ ಚೀನೀ ಅಥವಾ ಜಪಾನೀ ಅಂಗಡಿಗಳಲ್ಲಿ ಡೈಕಾನ್ ಎಂದು ಮಾರುವ ಬಿಳಿ ಮೂಲಂಗಿಯನ್ನೇ ತನ್ನಿ.

ಸಕ್ಕರೆ ಕಾಯಿಲೆಯವರು ಕೇಳಿದ್ದಕ್ಕೆ ಬರುತ್ತೇನೆ. ಪಿಷ್ಟ ಇಲ್ಲದ್ದರಿಂದ ಆಲೂಗಡ್ಡೆಗಿಂತ ಮೂಲಂಗಿ ನಿಮಗೆ ಹಿತ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಎಣ್ಣೆಯ ಲೆಕ್ಕ ಮರೆಯಬೇಡಿ. ಅರ್ಧ ಕೆಜಿ ಮೂಲಂಗಿಯಲ್ಲಿ ಇರುವುದು 80, 90 ಕ್ಯಾಲೊರಿ. ಮೇಲೆ ಹಾಕುವ ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು 120. ಅಂದರೆ ಎಣ್ಣೆಯೇ ತರಕಾರಿಗಿಂತ ಭಾರ. ಒಗ್ಗರಣೆಗೆ ಇನ್ನೊಂದು ಚಮಚ ಹೋದರೆ ಅದನ್ನೂ ಸೇರಿಸಿಕೊಳ್ಳಿ. ಥೈರಾಯ್ಡ್ ತೊಂದರೆ ಇರುವವರು ತಿನ್ನಬಹುದೇ ಎಂಬ ಪ್ರಶ್ನೆಯೂ ಬರುತ್ತದೆ. ಬೇಯಿಸಿದ ಮೂಲಂಗಿಯನ್ನು ಊಟದ ಜೊತೆ ಮಿತವಾಗಿ ತಿಂದರೆ, ಅಯೋಡಿನ್ ಇರುವ ಉಪ್ಪು ಬಳಸುವ ಬಹುತೇಕರಿಗೆ ತೊಂದರೆಯಾಗದು. ಔಷಧಿಯಲ್ಲಿರುವವರು ತಮ್ಮ ವೈದ್ಯರನ್ನು ಒಂದು ಮಾತು ಕೇಳಲಿ. ಸಿ ಜೀವಸತ್ವಕ್ಕಾಗಿ ಮೂಲಂಗಿ ತಿನ್ನುವವರು ಹಸಿ ಕೋಸಂಬರಿಯನ್ನು ಬಿಡಬಾರದು, ಶಾಖಕ್ಕೆ ಅದರಲ್ಲೊಂದು ಪಾಲು ನಷ್ಟವಾಗುತ್ತದೆ.

ವಾಸನೆಯ ಬಗ್ಗೆ ಮುಚ್ಚುಮರೆ ಬೇಡ. ಗಂಧಕದ ಸಂಯುಕ್ತಗಳು ಆವಿಯಾಗಿ ಹೊರಬರುವುದರಿಂದ ಅಡುಗೆಮನೆಯಲ್ಲಿ ಮೂಲಂಗಿಯ ವಾಸನೆ ಬಂದೇ ಬರುತ್ತದೆ. ಕಿಟಕಿ ತೆರೆದಿಡಿ, ಬುಟ್ಟಿಯನ್ನು ಅಂದೇ ತೊಳೆಯಿರಿ. ತೊಳೆಯದಿದ್ದರೆ ಮಾರನೆಯ ದಿನ ಕಡಲೆಬೀಜಕ್ಕೂ ಆ ವಾಸನೆ ಹತ್ತುತ್ತದೆ. ಮಾಡಿದ ಪಲ್ಯವನ್ನು ಬಿಸಿಯಿರುವಾಗಲೇ ತಿನ್ನಬೇಕು, ಫ್ರಿಜ್ಜಿನಲ್ಲಿಟ್ಟರೆ ನೀರು ಬಿಟ್ಟು ಘಾಟು ಏರುತ್ತದೆ. ಕರೆಂಟಿನ ಖರ್ಚು ಹೆಚ್ಚಲ್ಲ. 1500 ವಾಟ್ ಯಂತ್ರ ಇಪ್ಪತ್ತು ನಿಮಿಷ ಓಡಿದರೆ ಹೆಚ್ಚೆಂದರೆ ಅರ್ಧ ಯೂನಿಟ್.

ಇದಕ್ಕಾಗಿಯೇ ಏರ್ ಫ್ರೈಯರ್ ಕೊಳ್ಳಬೇಕೇ ಎಂದರೆ, ಬೇಡ. ದಪ್ಪ ತಳದ ಕಬ್ಬಿಣದ ಕಾವಲಿಯಲ್ಲಿ, ಮುಚ್ಚಳ ಮುಚ್ಚದೆ, ತುಂಡುಗಳನ್ನು ಬಿಡಿಬಿಡಿಯಾಗಿ ಹರಡಿ, ತಾಳ್ಮೆಯಿಂದ ತಿರುವಿಹಾಕಿದರೆ ಇದೇ ಬಣ್ಣ, ಇದೇ ರುಚಿ ಬರುತ್ತದೆ. ಒಲೆಯ ಮುಂದೆ ನಿಲ್ಲಬೇಕು, ಅಷ್ಟೇ ವ್ಯತ್ಯಾಸ. ಯಂತ್ರ ಈಗಾಗಲೇ ಮನೆಯಲ್ಲಿದ್ದರೆ, ಮೂಲಂಗಿಗಿಂತ ಅಗ್ಗವಾಗಿ, ಸುಲಭವಾಗಿ ಅದರ ಪೂರ್ತಿ ಶಕ್ತಿಯನ್ನು ಕಾಣಿಸುವ ತರಕಾರಿ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಚಳಿಗಾಲದಲ್ಲಿ, ಮೂಲಂಗಿ ಸಿಹಿಯಾಗಿರುವಾಗ ಶುರುಮಾಡಿ. ಅಂಗಡಿಯವರು ತೂಗುವ ಮುನ್ನ ಸೊಪ್ಪನ್ನು ತಿರುಚಿ ಬಿಸಾಡಲು ಹೊರಟರೆ ಬೇಡವೆಂದು ಹೇಳಿ. ಗೆಡ್ಡೆಗಿಂತ ಹೆಚ್ಚು ಸುಣ್ಣದಂಶ, ಹೆಚ್ಚು ಸಿ ಜೀವಸತ್ವ ಆ ಸೊಪ್ಪಿನಲ್ಲೇ ಇದೆ. ಅದು ಏರ್ ಫ್ರೈಯರ್‌ಗೆ ಆಗದು, ಗಾಳಿಗೆ ಹಾರುತ್ತದೆ. ಹೆಸರುಬೇಳೆ ಜೊತೆ ಬಾಣಲೆಯಲ್ಲಿ ಬಾಡಿಸಿ, ಅದೇ ದಿನ ಪಲ್ಯ ಮಾಡಿ.